ಕಾಯಿ ಕೊಟ್ಟರೂ ಹೋಗದ ಪೆಟ್ಟಿಗೆ

ತೋಟದಲ್ಲಿ ಮನೆ ಮಾಡಿಕೊಂಡವರಿಗೆ ಕಳ್ಳರ ಅಂಜಿಕೆ ಎಂಥದೆಂದು ನಾನೇನು ಹೇಳಬೇಕು, ಅಕ್ಕಂದಿರೇ, ಅಣ್ಣಂದಿರೇ? ನಾಯಿ ಬೊಗಳಿದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಐಗಳಿಯ ಲಗಮಣ್ಣನವರದೂ ಅದೇ ಕಥೆ. ಸುತ್ತ ದ್ರಾಕ್ಷಿ ತೋಟ, ನಡುವೆ ಮನೆ, ಕೂಗಿದರೆ ಓ ಎನ್ನಲು ಹತ್ತಿರ ಯಾರೂ ಇಲ್ಲ. ಆ ವರ್ಷ ಪಕ್ಕದೂರಿನ ಒಂದು ತೋಟದ ಮನೆಯಲ್ಲಿ ಕಳವಾಯಿತು. ಅಂದಿನಿಂದ ಅವರ ಹೆಂಡತಿ ಚನ್ನವ್ವನಿಗೆ ನಿದ್ದೆ ಹತ್ತಲಿಲ್ಲ.

ಇದನ್ನು ಮೂಸಿಕೊಂಡೇ ಬಂದನೋ ಏನೋ, ಏಜೆಂಟ ಬಾಪುಸಾಹೇಬ. ಗಡಿಯಾಚೆಯ ಒಂದು ಕಂಪನಿಯವನು. ಅರ್ಧ ಮರಾಠಿ, ಅರ್ಧ ಕನ್ನಡ, ಪೂರಾ ಬೆಲ್ಲ.

"ವೈನೀ, ಕಾಳಜೀನ ಬಿಡ್ರಿ. ಈ ಪೆಟಗಿ ಗ್ವಾಡಿಗೆ ಬಡದ್ವಿ ಅಂದ್ರ ಮುಗೀತು. ಕಳ್ಳ ಬಾಗಲಾ ಮುಟ್ಟಿದ್ನೋ, ಭೋಂಗಾ ಒದರತೈತಿ. ಪೆಟಗಿ ತಾನ ನಮ್ಮ ಆಫೀಸಿಗೆ ಫೋನ್ ಹಚ್ಚತೈತಿ. ನಾವು ಪೊಲೀಸರಿಗೆ ಹೇಳ್ತೀವಿ. ನೀವು ಬಿನಧಾಸ್ತ ಮಲಕೋರಿ!"

ಚನ್ನವ್ವನ ಮುಖ ಅರಳಿತು. ಲಗಮಣ್ಣನವರು ಬಾಪುಸಾಹೇಬ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಕರಾರು ಇಂಗ್ಲಿಷಿನಲ್ಲಿತ್ತು, ಅಕ್ಷರ ಸಾಸಿವೆಯಷ್ಟು ಸಣ್ಣ. ಗೋಡೆಯ ಮೇಲೆ ಪೆಟ್ಟಿಗೆ ಬಂತು. ಟೆಲಿಫೋನಿನ ವಾಯರು ಆ ಪೆಟ್ಟಿಗೆಯೊಳಗೆ ಹೊಕ್ಕು ಹೊರಗೆ ಬಂತು. ಮೇಲೊಂದು ಸೀಲು. "ಇದನ್ನ ಮುಟ್ಟಬ್ಯಾಡ್ರಿ ಮತ್ತ, ಕೇಸ್ ಆಗತೈತಿ" ಎಂದು ನಗುನಗುತ್ತಲೇ ಹೇಳಿ ಹೋದ.

ಊರಿನ ಹೈಸ್ಕೂಲಿನ ಚಂದ್ರಮತಿ ಅಕ್ಕೋರು ಸಂಜೆ ಮಾತನಾಡಿಸಲು ಬಂದಿದ್ದರು. ಅಥಣಿಯ ಗ್ರಾಹಕರ ಸಂಘದ ಸಭೆಗೆ ತಪ್ಪದೆ ಹೋಗುವವರು. ಪೆಟ್ಟಿಗೆಯನ್ನು ನೋಡಿ ಕೇಳಿದರು:

"ಲಗಮಣ್ಣಾರ, ಹಾಕ್ಸೂದು ಆತು. ನಾಳೆ ಬ್ಯಾಡಾದ್ರ ಬಿಡ್ಸೂದು ಹೆಂಗ ಅಂತ ಕೇಳೀರೇನ್ರಿ?"

"ಬ್ಯಾಡಾದ್ರ ಬ್ಯಾಡ ಅನ್ನೂದ್ರಿ ಅಕ್ಕೋರ. ಅದರಾಗೇನು ಕೇಳೂದೈತಿ?"

ಪೆಟ್ಟಿಗೆಯ ಆಟ ಆಮೇಲೆ ಶುರುವಾಯಿತು. ಕರೆಂಟ್ ಹೋಗಿ ಬಂದರೆ ಭೋಂಗಾ, ಸಕ್ಕರೆ ಕಾರ್ಖಾನೆಯ ಸೈರನ್ನಿನ ಹಾಗೆ. ಬೆಕ್ಕು ಬಾಗಿಲು ನೂಕಿದರೆ ಭೋಂಗಾ. ಮೊದಲ ಸಲ ಅಕ್ಕಪಕ್ಕದ ತೋಟದವರು ಬಡಿಗೆ ಹಿಡಿದು ಓಡಿ ಬಂದರು. ಆಮೇಲೆ ಕುಂತಲ್ಲೇ ನಕ್ಕರು. "ಲಗಮಣ್ಣನ ಸಕ್ರಿ ಫ್ಯಾಕ್ಟರಿ ಸುರುವಾತು, ನಡೀರೋ ಪಾಳಿಗೆ!" ಎಂದು ಚೇಷ್ಟೆ ಮಾಡಿದರು. ಕಂಪನಿಯ ಆಫೀಸಿನಿಂದ ಮಾತ್ರ ಒಬ್ಬನೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಕೊನೆಗೊಬ್ಬ ಮೆಕ್ಯಾನಿಕ್ ಬಂದು, ರಿಪೇರಿಗೆಂದು ಭೋಂಗಾ ಬಿಚ್ಚಿಕೊಂಡು ಹೋದ. ಹೋದವನು ಹೋದ. ಪೆಟ್ಟಿಗೆ ಮೂಕವಾಗಿ ಗೋಡೆಗೆ ಅಂಟಿಕೊಂಡು ಕೆಂಪು ದೀಪ ಮಿಟುಕಿಸುತ್ತ ಉಳಿಯಿತು.

"ಸಾಕ್ರೀ ಇದರ ಸಂಗ, ಬಿಡಿಸಿಬಿಡ್ರಿ" ಎಂದಳು ಚನ್ನವ್ವ.

ಲಗಮಣ್ಣನವರು ಬಿಡಿಸಿದರು, ತಮ್ಮ ರೀತಿಯಲ್ಲಿ. ನಮ್ಮ ಕಡೆಯ ರೀತಿ ನಿಮಗೆ ಗೊತ್ತೇ ಇದೆ. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನಿರಲಿ, ದ್ರಾಕ್ಷಿ ಬಳ್ಳಿ ಸವರಿ ಚಾಟನಿ ಮಾಡುವ ಆಳಿರಲಿ, ಕೆಲಸ ಮುಗಿಯಿತೆಂದರೆ ಟೊಪ್ಪಿಗೆ, ಟಾವೆಲು, ತೆಂಗಿನಕಾಯಿ ಕೊಟ್ಟು ಕಳಿಸುತ್ತೇವೆ. ಕಾಯಿ ಕೈಗೆ ಬಂತೆಂದರೆ ಅವನಿಗೂ ತಿಳಿಯುತ್ತದೆ, ಇಲ್ಲಿಗೆ ಋಣ ತೀರಿತು. ಮುಂದೆ ಮಾತಿಲ್ಲ, ಮನಸ್ತಾಪವೂ ಇಲ್ಲ. ಬಾಪುಸಾಹೇಬ ಪೆಟ್ಟಿಗೆಯ ಬಾಡಿಗೆ ವಸೂಲಿಗೆ ಬಂದ ದಿನ ಅವನಿಗೂ ಹಾಗೇ ಮಾಡಿದರು. ಹೋಳಿಗೆ ಊಟ ಹಾಕಿ, ಟೊಪ್ಪಿಗೆ ತೊಡಿಸಿ, ಕಾಯಿ ಕೊಟ್ಟು, "ಇಲ್ಲಿಗೆ ಮುಗೀತ್ರಿ ಪಾವಣ್ಯಾರ. ನಿಮ್ಮ ಪೆಟಗಿ ಒಯ್ಯರಿ" ಎಂದರು. ಅವನು ಕಾಯಿಯನ್ನು ಹಣೆಗೊತ್ತಿಕೊಂಡ. "ಹೋಯ್ ಹೋಯ್, ಆತು ಅಣ್ಣಾ. ಪೆಟಗಿ ಒಯ್ಯಾಕ ಮಾಣಸಾನ ಕಳಸ್ತೀನಿ" ಎಂದು ಸ್ಕೂಟರ್ ಏರಿದ.

ಯಾರೂ ಬರಲಿಲ್ಲ. ಆಫೀಸಿಗೆ ಫೋನ್ ಹಚ್ಚಿದರೆ, ಸಾಹೇಬರಿಲ್ಲ. ಇನ್ನೊಮ್ಮೆ ಹಚ್ಚಿದರೆ, ಬಾಪುಸಾಹೇಬನಿಗೆ ಬೇರೆ ಕಡೆ ಬದಲಿಯಾಗಿದೆ. ಮತ್ತೊಮ್ಮೆ ಹಚ್ಚಿದರೆ, ದೊಡ್ಡ ಆಫೀಸಿಗೆ ಕೇಳಿ. ದೊಡ್ಡ ಆಫೀಸಿನವಳು, ಮುಖ ಕಾಣದಿದ್ದರೂ ಮೂಗು ಮುರಿದದ್ದು ಕೇಳಿಸುವಂತೆ, "ನೀವು ಬಿಟ್ಟಿದ್ದೀರಿ ಎನ್ನುವುದಕ್ಕೆ ನಮ್ಮಲ್ಲಿ ಯಾವ ಕಾಗದವೂ ಇಲ್ಲ" ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟಳು.

ಚಂದ್ರಮತಿ ಅಕ್ಕೋರು ಕರಾರು ತರಿಸಿ ಓದಿದರು. "ಇಲ್ಲಿ ನೋಡ್ರಿ ಲಗಮಣ್ಣಾರ. ಬ್ಯಾಡಾದ್ರ ಬರದು ಕಳಸ್ಬೇಕು, ಬಾಯಿಮಾತು ನಡಿಯಂಗಿಲ್ಲ ಅಂತ ಐತಿ. ಬರೀಲಿಲ್ಲಂದ್ರ ಕರಾರು ತಾನ ಮುಂದುವರೀತೈತಿ. ಈಗ ಕುಂತು ಬರಿಯೂಣು. ರಜಿಸ್ಟರ್ ಮಾಡಿ ಕಳಸೂಣು, ಮುಟ್ಟಿದ್ದಕ್ಕ ಅವರ ಸಹಿ ವಾಪಸ್ ಬರತೈತಿ."

"ಕಾಯಿ ತಗೊಂಡಾನ್ರಿ ಅಂವ! ಹಣಿಗೆ ಒತಗೊಂಡಾನ! ಅದಕ್ಕಿಂತ ದೊಡ್ಡ ಕಾಗದ ಬೇಕೇನ್ರಿ?"

"ಕಾಯಿ ಬಾಪುಸಾಹೇಬ ತಗೊಂಡಾನ. ಕಂಪನಿ ತಗೊಂಡಿಲ್ಲಲ್ರಿ."

"ನನ್ನ ಮಾತಿಗೆ ಈ ಸೀಮ್ಯಾಗ ಯಾರೂ ಪುರಾವೆ ಕೇಳಿಲ್ಲ, ಅಕ್ಕೋರ. ಅವರ ವಸ್ತು ಅವರ ಬಂದು ಒಯ್ಲಿ."

"ಬರಿಸಿಬಿಡ್ರೀ, ಏನ್ ಹೋಗತೈತಿ" ಎಂದಳು ಚನ್ನವ್ವ ಮೆಲ್ಲಗೆ. ಲಗಮಣ್ಣನವರು ತೋಟದ ಕಡೆ ನಡೆದರು. ಕೆಟ್ಟ ಮನುಷ್ಯರಲ್ಲ, ಆದರೆ ಆ ಹಟ! ಇವತ್ತಿಗೂ ನೆನೆದರೆ ನನಗೆ ಸಿಟ್ಟು ಬರುತ್ತದೆ, ಮರುಗಳಿಗೆಗೆ ಕರುಳು ಚುರ್ರೆನ್ನುತ್ತದೆ.

ಅದೇ ಸುಗ್ಗಿಯಲ್ಲಿ ಚನ್ನವ್ವನ ಅಕ್ಕ, ಕಾಗವಾಡದ ಸೋನಾಬಾಯಿ, ಹಾಸಿಗೆ ಹಿಡಿದಳು. ಮಿರಜಿನ ದವಾಖಾನೆಗೆ ಸೇರಿಸಿದರು. ಇವರಿಬ್ಬರಿಗೆ ಅಣ್ಣತಮ್ಮಂದಿರಿಲ್ಲ, ತಾಯಿತಂದೆ ತೀರಿ ಬಹಳ ಕಾಲವಾಗಿತ್ತು. ಸೋನಾಬಾಯಿಗೆ ತವರು ಅಂದರೆ ಚನ್ನವ್ವ, ಚನ್ನವ್ವನಿಗೆ ತವರು ಅಂದರೆ ಸೋನಾಬಾಯಿ. ನೋಡಲು ಹೋದಾಗ ಅಕ್ಕ ಕೈ ಹಿಡಿದು ನಕ್ಕಿದ್ದಳಂತೆ: "ಚನ್ನೀ, ನಾ ಮುತ್ತೈದಿ ಹೋಗಾಕಿ. ತವರಿನ ಕಡೀ ಸೀರಿ ನೀನ ಹಸರಂದ ತರಬೇಕು ನೋಡವಾ, ಜರದ್ದು."

"ಸುಮ್ನಿರ ಬೇ, ಹುಚ್ಚಿ" ಎಂದು ಗದರಿಸಿ ಬಂದಿದ್ದಳು ಚನ್ನವ್ವ.

ಸೋನಾಬಾಯಿಯ ಮಗ ಮಲಕಾರಿ ಹೇಳಿ ಕಳಿಸಿದ್ದ, "ಚಿಗವ್ವಾ, ಗಾಬರಿ ಆಗಬ್ಯಾಡ. ಹೆಚ್ಚುಕಡಿಮಿ ಆದ್ರ ನಾ ಫೋನ್ ಮಾಡ್ತೀನಿ, ತಕ್ಷಣ ಬಾ." ಆ ದಿನ ಎಲ್ಲರೂ ದ್ರಾಕ್ಷಿ ಕಟಾವಿಗೆ ಹೋದರು. ಚನ್ನವ್ವ ಹೋಗಲಿಲ್ಲ. ಚೀಲದಲ್ಲಿ ಬಟ್ಟೆ ತುಂಬಿಟ್ಟುಕೊಂಡು ಫೋನಿನ ಪಕ್ಕದಲ್ಲೇ ಕುಳಿತಳು. ಮುಂಜಾನೆ ಕರೆಂಟ್ ಹೋಗಿ ಬಂದಿತ್ತು. ಪೆಟ್ಟಿಗೆಯ ಕೆಂಪು ದೀಪ ಜೋರಾಗಿ ಮಿಟುಕುತ್ತಿತ್ತು. ಅದು ದಿನಾ ಮಿಟುಕುವ ದೀಪ, ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಅಲ್ಲೇ ಉಂಡಳು, ಅಲ್ಲೇ ಅಕ್ಕಿ ಆರಿಸಿದಳು. ತಾನು ಎತ್ತಿದರೆ ಆ ಹೊತ್ತಿಗೇ ಅತ್ತಲಿಂದ ಬಂದೀತು ಎಂದು ಫೋನನ್ನು ಮುಟ್ಟಲಿಲ್ಲ. ಫೋನ್ ಬರಲಿಲ್ಲ. ಅಕ್ಕ ಆರಾಮ ಇದ್ದಾಳೆ ಎಂದುಕೊಂಡಳು.

ಹೊತ್ತು ಮುಳುಗುವಾಗ ಲಗಮಣ್ಣನವರು ಬಂದು, "ನೀನ ಒಂದು ಫೋನ್ ಹಚ್ಚಿ ಕೇಳಬಾರ್ದ?" ಎಂದರು. ಎತ್ತಿದರೆ ಒಳಗೆ ಬರೀ ಟಿಂವ್ ಟಿಂವ್. ಪೆಟ್ಟಿಗೆ, ಯಾರೂ ಎತ್ತದ ಆ ಆಫೀಸಿಗೆ, ಬೆಳಗಿನಿಂದ ತಾನೇ ಫೋನ್ ಹಚ್ಚುತ್ತ ಲೈನು ಹಿಡಿದು ಕುಳಿತಿತ್ತು. ಲಗಮಣ್ಣನವರು ಆಗ ಸೀಲು ಹರಿದು, ಪೆಟ್ಟಿಗೆಯಿಂದ ವಾಯರು ಕಿತ್ತು ನೇರ ಫೋನಿಗೆ ಜೋಡಿಸಿದರು. ಅತ್ತ ದವಾಖಾನೆಯ ನಂಬರು ಹಚ್ಚಿದರೆ, "ಅವರು ಮಧ್ಯಾಹ್ನನ ಹೋದ್ರಲ್ರಿ, ಊರಿಗೆ ಒಯ್ದಾರ" ಎಂದರು.

ಆ ಹೊತ್ತಿಗೆ ಬಸ್ಸಿರಲಿಲ್ಲ, ಮರುದಿನ ಮೊದಲ ಬಸ್ಸಿಗೆ ಹೋದರು. ಎಲ್ಲಾ ಮುಗಿದಿತ್ತು. ಮಲಕಾರಿ ಚನ್ನವ್ವನ ಕಾಲು ಹಿಡಿದು ಅತ್ತ. "ಎಷ್ಟು ಸಲ ಹಚ್ಚೀನಿ ಚಿಗವ್ವಾ, ಬರೇ ಎಂಗೇಜ್, ಬರೇ ಎಂಗೇಜ್! ಸಂಜಿತನಕ ನಿನ್ನ ದಾರಿ ನೋಡಿದ್ವಿ. ಹಿರ್ಯಾರು ಇನ್ನ ಇಡಾಕ ಆಗಂಗಿಲ್ಲ ಅಂದ್ರು. ತವರಮನಿ ಸೀರಿ ಅಂತ ನಾನ ಅಂಗಡ್ಯಾಗಿಂದ ತಂದು ಹೊಚ್ಚಿದೆ."

"ಯಾವ ಬಣ್ಣದ್ದೋ ಯಪ್ಪಾ?" ಎಂದು ಕೇಳಿದಳು ಚನ್ನವ್ವ.

"ಗಡಿಬಿಡ್ಯಾಗ ನೋಡ್ಲಿಲ್ಲ ಚಿಗವ್ವಾ."

ಇದಕ್ಕೆ ಯಾವ ಕಂಪನಿಯ ಹತ್ತಿರ ಉತ್ತರವಿದೆ, ಹೇಳಿ.

ದಿನಕರ್ಮ ಮುಗಿಸಿ ಬಂದ ಮೇಲೆ ಲಗಮಣ್ಣನವರು ತಾವೇ ಅಕ್ಕೋರ ಮನೆಗೆ ಹೋದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. "ಬರೀರಿ ಅಕ್ಕೋರ, ಹೆಂಗ ಬರೀಬೇಕೋ ಬರೀರಿ. ಅವತ್ತ ಬರಸಿದ್ರ ನನ್ನ ಹೆಂಡ್ತಿ ಅಕ್ಕನ ಮಾರಿ ನೋಡತಿದ್ಲು" ಎಂದರು.

ಅಕ್ಕೋರು ಪತ್ರ ಬರೆದರು. ರಜಿಸ್ಟರ್ ಆಯಿತು, ಮುಟ್ಟಿದ ಸಹಿ ವಾಪಸ್ ಬಂತು. ಆದರೂ ಕಂಪನಿ, ಸೀಲು ಹರಿದಿದ್ದೀರಿ ಎಂದು ಹೆದರಿಸಿತು. ಅಕ್ಕೋರು ಅದೇ ಸಹಿ ಇಟ್ಟುಕೊಂಡು ಬೆಳಗಾವಿಯ ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಡಿಸಿದರು. ಅಲ್ಲಿಂದ ನೋಟೀಸು ಹೋದದ್ದೇ ತಡ, ಇಷ್ಟು ದಿನ ಇಲ್ಲದ ಸಾಹೇಬರು ಸ್ವತಃ ಜೀಪಿನಲ್ಲಿ ಬಂದು ಪೆಟ್ಟಿಗೆ ಬಿಚ್ಚಿಕೊಂಡು ಹೋದರು. ಗೋಡೆಯಲ್ಲಿ ಮೊಳೆಯ ತೂತುಗಳು ಉಳಿದವು. ಲಗಮಣ್ಣನವರು ಸುಣ್ಣ ಹಚ್ಚಿಸಲು ಬಿಡಲಿಲ್ಲ.

ಈಗ ಅವರ ಮನೆಗೆ ಯಾರೇ ಕರಾರು ಹಿಡಿದು ಬರಲಿ, ಚನ್ನವ್ವನೇ ಮೊದಲು ಕೇಳುತ್ತಾಳೆ: "ಬ್ಯಾಡಾದ್ರ ಬಿಡೂದು ಹೆಂಗ್ರಿ? ಅದನ್ನ ಕನ್ನಡದಾಗ ಓದಿ ಹೇಳ್ರಿ, ಆಮ್ಯಾಲೆ ಚಾ."

ಅಕ್ಕಂದಿರೇ, ಅಣ್ಣಂದಿರೇ, ನೀವೂ ಹಾಗೇ ಕೇಳಿ. ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ, ಓದಬಲ್ಲವರಿಂದ ಓದಿಸಿ. ಬೇಡವಾದದ್ದನ್ನು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಬರೆದು ರಜಿಸ್ಟರ್ ಮಾಡಿ ಕಳಿಸಿ, ಮುಟ್ಟಿದ ಸಹಿಯನ್ನು ಜೋಪಾನ ಮಾಡಿ. ಸತಾಯಿಸಿದರೆ ಗ್ರಾಹಕರ ನ್ಯಾಯಾಲಯವಿದೆ, ಅಂಜಬೇಡಿ. ಬಂದವನಿಗೆ ಊಟ ಹಾಕಿ, ಕಾಯಿಯನ್ನೂ ಕೊಡಿ, ಅದು ನಮ್ಮ ಮನೆತನದ ರೀತಿ. ಆದರೆ ಪತ್ರ ಮೊದಲು ಹೋಗಲಿ, ಕಾಯಿ ಆಮೇಲೆ.

ಚನ್ನವ್ವ ತಿಂಗಳ ದಿನ ಜರದ ಹಸಿರು ಸೀರೆ ಒಯ್ದು ಅಕ್ಕನ ಗದ್ದಿಗೆಯ ಮೇಲೆ ಹೊದಿಸಿ ಬಂದಳು. ಉಡಿಸಲು ಅಕ್ಕ ಇರಲಿಲ್ಲ. ನಿಮ್ಮ ಮನೆಯಲ್ಲಿ ಇಂಥ ಕರಾರಿದ್ದರೆ ಇವತ್ತೇ ತೆಗೆದು ಓದಿಸಿ.