ಅರುವತ್ತು ಎಸೆತ, ಅರುವತ್ನಾಲ್ಕು ಗೆರೆ

ನವ್ಯಶ್ರೀಗೆ ಬೆಳಗಿನಿಂದ ಕೂತಲ್ಲಿ ಕೂರಲಾಗಿರಲಿಲ್ಲ. ಕಟಪಾಡಿಯಲ್ಲಿ ಬಸ್ಸು ಹತ್ತಿದ್ದು, ಕಾಪುವಿನಲ್ಲಿ ಇಳಿದದ್ದು ಯಾವುದೂ ನೆನಪಿಲ್ಲ. ಅತಿಥಿ ಶಿಕ್ಷಕಿಯಾಗಿ ಸೇರಿ ಎರಡೇ ತಿಂಗಳು. ಅಂಕಿಅಂಶ ಸಂಗ್ರಹಿಸುವ ಪಾಠವನ್ನು ಅಂಗಳದಲ್ಲಿ ಚೆಂಡಾಟ ಆಡಿಸಿ ಕಲಿಸಲೇ ಎಂದು ಹೇಗೋ ಬಾಯಿಬಿಟ್ಟು ಕೇಳಿದ್ದಳು. ಮುಖ್ಯ ಶಿಕ್ಷಕಿ ಹರಿಣಾಕ್ಷಿ ಈ ಒಂದು ಶುಕ್ರವಾರ ಕೊಟ್ಟಿದ್ದರು. ಲೆಕ್ಕ ಸರಿಬಂದರೆ ಆಟ ಮುಂದುವರಿಯಲಿ, ಇಲ್ಲವಾದರೆ ಕರಿಹಲಗೆಯೇ ಸಾಕು ಎಂದಿದ್ದರು.

ಐದನೇ ತರಗತಿಯಲ್ಲಿ ಇದ್ದದ್ದೇ ಏಳು ಮಕ್ಕಳು. ಆರು ಮಂದಿ ಲಗೋರಿ ಕಲ್ಲು ಪೇರಿಸಿ, ಒಬ್ಬೊಬ್ಬರು ಹತ್ತು ಸಲ ಚೆಂಡು ಎಸೆಯಬೇಕು. ಕಲ್ಲು ಬಿದ್ದರೆ ಒಂದು ಗೆರೆ, ತಪ್ಪಿದರೆ ಪಕ್ಕದ ಸಾಲಿನಲ್ಲಿ ಒಂದು. ಐದನೆಯದನ್ನು ಅಡ್ಡ ಎಳೆದು ಕಟ್ಟು ಮಾಡಬೇಕು. ಬರೆಯುವ ಕೆಲಸ ತೃಷಾಳದ್ದು. ಅವಳ ಅಮ್ಮ ಮೀನು ಮಾರುವವರು.

“ಕಣ್ಣು ಮುಚ್ಚಿ ಎಸೆದರೂ ನಿನಗಿಂತ ಲಾಯ್ಕ ಬೀಳ್ತದೆ ಮಾರಾಯ,” ಎಂದು ಕೀರ್ತನ್ ಮನೀಶನನ್ನು ಕೆಣಕಿದ. ನವ್ಯಶ್ರೀಗೆ ನಗು ಬರಲಿಲ್ಲ. ಜಗಲಿಯಲ್ಲಿ ನಿಂತಿದ್ದ ಹರಿಣಾಕ್ಷಿಯವರ ಕಡೆಗೇ ಕಣ್ಣು ಹೋಗುತ್ತಿತ್ತು.

ಆಟ ಮುಗಿದೊಡನೆ ಅವರು ಬಂದು ಹಾಳೆ ಎತ್ತಿಕೊಂಡರು. “ಅರುವತ್ತು ಎಸೆತಕ್ಕೆ ಅರುವತ್ನಾಲ್ಕು ಗೆರೆ ಉಂಟಲ್ಲ, ಇದೆಂತದು ಟೀಚರ್?”

ನವ್ಯಶ್ರೀ ಇಣುಕಿ ಗೆರೆಗಳನ್ನು ಗಡಿಬಿಡಿಯಲ್ಲಿ ಎಣಿಸತೊಡಗಿದಳು. ತೃಷಾ ಮಾತ್ರ ಸ್ವಲ್ಪವೂ ಅಳುಕಲಿಲ್ಲ. “ಐದು ಬೀಳಿಸಿದವರಿಗೆ ಒಂದು ಕೊಸರು ಹಾಕಿದ್ದೇನೆ. ನಾಲ್ಕು ಜನಕ್ಕೆ ಸಿಕ್ಕಿತು. ಅಮ್ಮ ಮೀನು ಎಣಿಸುವಾಗ ಹಾಗೇ ಒಂದು ಹೆಚ್ಚಿಗೆ ಕೊಡುವುದು.”

ಹರಿಣಾಕ್ಷಿ ಹಾಳೆ ಮಡಚತೊಡಗಿದರು. ಸುಮ್ಮನಿದ್ದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ. ನವ್ಯಶ್ರೀ ಕೈಚಾಚಿ, ಒಂದು ನಿಮಿಷ ಮೇಡಂ ಎಂದು ಹಾಳೆಯನ್ನು ವಾಪಸು ತೆಗೆದುಕೊಂಡಳು. ತಾನೇ ಹಾಗೆ ಮಾಡಿದ್ದೆಂದು ಅವಳಿಗೆ ನಂಬಿಕೆ ಬರಲಿಲ್ಲ.

ಆ ನಾಲ್ಕು ಗೆರೆ ಅಳಿಸಲು ತೃಷಾಳಿಗೆ ಹೇಳಿದಳು. ಹುಡುಗಿ ರಬ್ಬರನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. “ಕೊಟ್ಟದ್ದನ್ನು ವಾಪಸು ತೆಗೆಯುವುದಾ ಟೀಚರ್?”

“ಕಲ್ಲು ಎಷ್ಟು ಸಲ ಬಿತ್ತೋ ಅಷ್ಟೇ ಇಲ್ಲಿ ಬರೆಯಬೇಕು. ನೀನು ಕೊಟ್ಟದ್ದಕ್ಕೆ ಬೇರೆ ಸಾಲು ಮಾಡುವ,” ಎಂದು ನವ್ಯಶ್ರೀ ಅಂಚಿನಲ್ಲಿ ಮೂರನೆಯ ಸಾಲು ಎಳೆದಳು. ಗೆರೆ ಸೊಟ್ಟಗಾಯಿತು. ತೃಷಾ ಕೊಸರನ್ನು ಒಂದೊಂದಾಗಿ ಅಲ್ಲಿಗೆ ಸಾಗಿಸಿದಳು. ಮೊದಲೆರಡು ಸಾಲು ಕೂಡಿಸಿದರೆ ಸರಿಯಾಗಿ ಅರುವತ್ತು.

ಹರಿಣಾಕ್ಷಿ ಎರಡು ಸಲ ಎಣಿಸಿದರು. “ಮುಂದಿನ ಶುಕ್ರವಾರ ಆರನೇ ಕ್ಲಾಸಿನವರನ್ನೂ ಸೇರಿಸಿಕೊಳ್ಳಿ,” ಎಂದು ಹೇಳಿ ಹೊರಟರು.

ಆರನೆಯದರಲ್ಲಿ ಇಪ್ಪತ್ತೆರಡು ಮಕ್ಕಳು. ಇರುವುದು ಒಂದೇ ಚೆಂಡು. ಅಷ್ಟು ಮಂದಿಗೆ ಜಾಗ ಸಾಕಾದೀತೇ ಎಂದು ನವ್ಯಶ್ರೀ ಅಂಗಳದ ಉದ್ದಕ್ಕೂ ಹೆಜ್ಜೆ ಹಾಕಿ ಅಳೆಯತೊಡಗಿದಳು.