ಮುದುಕವ್ವನ ತುಟಿಯ ಬಣ್ಣ

ಶಾಂಭವಿಯ ಮುಖ ಆ ಕಂಪನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ದನಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಎಲೆಕ್ಟ್ರಾನಿಕ್ ಸಿಟಿಯ ಆ ದೊಡ್ಡ ಕಟ್ಟಡದ ಹಿಂಬದಿ, ಸ್ಟೋರಿನ ಮೂಲೆಯಲ್ಲಿ ಕೂತು ಅವಳು ಫೋನ್ ಎತ್ತುತ್ತಿದ್ದಳು. ಸಿಂಧನೂರು ಕಡೆಯ ಬಾಯ್ತುಂಬ ಮಾತು. ಅವಳು ಒಮ್ಮೆ ಹೇಳಿದ್ದನ್ನು ಯಾರೂ ಎರಡನೇ ಸಲ ಕೇಳುವಂತಿರಲಿಲ್ಲ. ರಿಸೆಪ್ಷನ್ ನೋಡಿಕೊಳ್ಳುವ ಶ್ರೀರಂಜನಿ ಮೇಡಂ ಆ ದನಿಗೇ ಮನಸೋತು, ಹಟ ಹಿಡಿದು ಅವಳನ್ನು ಮುಂಬಾಗಿಲಿಗೆ ಕರೆಸಿಕೊಂಡರು. ತಿಂಗಳ ಮಟ್ಟಿಗೆ ನೋಡುವುದು, ಹೊಂದಿಕೊಂಡರೆ ಕುರ್ಚಿ ಕಾಯಂ, ಇಲ್ಲದಿದ್ದರೆ ಮತ್ತೆ ಸ್ಟೋರು.

ಕುರ್ಚಿಯ ಜೊತೆಗೆ ಒಂದು ಲಿಪ್‌ಸ್ಟಿಕ್ಕೂ ಬಂತು. ಹಚ್ಚಲೇಬೇಕೆಂಬ ಕಾನೂನೇನೂ ಇರಲಿಲ್ಲ. ಆದರೆ ಅಲ್ಲಿ ಕೂರುವವರೆಲ್ಲ ಹಚ್ಚುತ್ತಿದ್ದರು, ಶಾಂಭವಿಗೂ ಒಳಗೊಳಗೇ ಆಸೆಯಿತ್ತು. ಮೇಡಂ ಪ್ರೀತಿಯಿಂದ ಕೊಟ್ಟದ್ದು ಕಡುಗೆಂಪು. ಹಚ್ಚಿಕೊಂಡು ಕನ್ನಡಿ ನೋಡಿದರೆ ಊರಿನ ನಾಟಕದಲ್ಲಿ ರಾಣಿಯ ಪಾರ್ಟು ಮಾಡುತ್ತಿದ್ದ ಮೀಸೆ ಬೋಳಿಸಿದ ಗಂಡಸು ನೆನಪಾದ. ಸಾಲದ್ದಕ್ಕೆ ಅದು ಒಣಗಿ ತುಟಿಯನ್ನು ಬಿಗಿಯುತ್ತಿತ್ತು. ಗುಲಾಬಿ ಬಣ್ಣ ತಂದು ನೋಡಿದಳು, ಕಂಡವರಿಗಿಂತ ಮೊದಲು ಅವಳಿಗೇ ನಗು ಬಂತು. ಏನೂ ಹಚ್ಚದೆ ಹೋದರೆ ಆ ಬಿಳೀ ದೀಪಗಳ ಕೆಳಗೆ ಉಪವಾಸ ಬಿದ್ದವಳ ಮುಖ. ಕೊನೆಗೆ ಕೆಂಪನ್ನೇ ಹಚ್ಚಿ, ಅದು ಕಾಣದಿರಲೆಂದು ತುಟಿಗಳನ್ನು ಒಳಗೆ ಮಡಚಿಕೊಂಡೇ ಮಾತಾಡತೊಡಗಿದಳು. ಕೌಂಟರಿನಾಚೆ ನಿಂತವರು ಮುಂದಕ್ಕೆ ಬಗ್ಗಿ ಏನಂದಿರಿ ಎಂದು ಕೇಳುವುದು ಶುರುವಾಯಿತು. ಯಾವ ಬಾಯಿಗಾಗಿ ಅವಳನ್ನು ಕರೆತಂದಿದ್ದರೋ ಆ ಬಾಯನ್ನೇ ಮುಚ್ಚಿಕೊಂಡು ಕೂತಿದ್ದಳು, ಪಾಪದ ಹುಡುಗಿ.

ಶ್ರೀರಂಜನಿ ಕೆಟ್ಟವರಲ್ಲ. ಒಂದು ಸಂಜೆ ಪಕ್ಕಕ್ಕೆ ಕರೆದು, ಸೋಮವಾರ ಹೊರಗಿನಿಂದ ದೊಡ್ಡ ತಂಡ ಬರುತ್ತಿದೆ, ಒಳಗೆ ಎಲ್ಲಿ ಹೋಗಬಹುದು, ಏನನ್ನು ಮುಟ್ಟಬಾರದು ಎಂದು ಅವರಿಗೆ ಹೇಳುವವಳು ನೀನೇ ಎಂದರು.

"ಹಿಂದಿನ ಸಾಲಿಗೂ ಕೇಳಿಸ್ಬೇಕು ಶಾಂಭವಿ. ಇಲ್ಲಾಂದ್ರೆ ಇನ್ನು ನನ್ನ ಕೈಲಿ ಏನೂ ಇಲ್ಲ."

ಆ ರಾತ್ರಿ ಊಟಕ್ಕೆ ಕೂತಾಗಲೂ ಅವಳಿಗೆ ಅದೇ ಚಿಂತೆ. ಬೊಮ್ಮನಹಳ್ಳಿಯ ಒಂಟಿ ಕೋಣೆಯ ಬಾಗಿಲಲ್ಲಿ ಅತ್ತೆ ಮುದುಕವ್ವ ಎಲೆ ಅಡಿಕೆ ಮುಗಿಸಿ, ಬಾಯಿ ಮುಕ್ಕಳಿಸಿ, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡು ಎದುರು ಮನೆಯವರ ಜೊತೆ ಹರಟುತ್ತಿದ್ದಳು. ಶಾಂಭವಿಯ ಕಣ್ಣು ಆ ತುಟಿಯ ಮೇಲೆ ನಿಂತಿತು. ಕೆಂಪಲ್ಲ, ಕಂದೂ ಅಲ್ಲ, ಎರಡೂ ಸೇರಿ ಒಳಗಿನಿಂದ ಮೂಡಿದ ಹಾಗಿತ್ತು. ಮದುವೆಯಾಗಿ ಬಂದಾಗಿನಿಂದ ದಿನವೂ ನೋಡುತ್ತಿದ್ದ ಬಣ್ಣ. ಅದನ್ನು ಇಟ್ಟುಕೊಂಡೇ ಈ ಮುದುಕಿ ಇಡೀ ಗಲ್ಲಿಗೆ ಕೇಳುವಂತೆ ಮಾತಾಡುತ್ತಾಳಲ್ಲ! ತನಗೆ ಬೇಕಾದ್ದು ಇದೇ ಎಂದು ಅವಳಿಗೆ ಖಚಿತವಾಯಿತು.

ಖಚಿತವಾದದ್ದು ಒಳ್ಳೆಯದೇ, ಆದರೆ ಮರುದಿನ ಬೆಳಗ್ಗೆ ಅವಳು ಮಾಡಿದ್ದು ಮಾತ್ರ ಶುದ್ಧ ಹುಚ್ಚಾಟ. ಅತ್ತೆ ಏಳುವ ಮುಂಚೆ ಅವಳ ಸಂಚಿ ಬಿಚ್ಚಿ ತಾನೇ ಎಲೆ ಮಡಚಿದಳು. ಸುಣ್ಣ ಹೆಚ್ಚಾದಷ್ಟೂ ಬಣ್ಣ ಚೆನ್ನಾಗಿ ಕೂರುತ್ತದೆಂದು ಧಾರಾಳವಾಗಿಯೇ ಬಳಿದಳು. ಬಣ್ಣವೇನೋ ಬಂತು. ಆದರೆ ಬಸ್ಸು ಹೊಸೂರು ರಸ್ತೆಯಲ್ಲಿ ಅರ್ಧ ದಾರಿ ಸಾಗುವಷ್ಟರಲ್ಲಿ ನಾಲಗೆ ಬೆಂದುಹೋಯಿತು. ಕೌಂಟರಿನಲ್ಲಿ ಮೊದಲು ಬಂದವರಿಗೆ ನಮಸ್ಕಾರ ಹೇಳಲು ಬಾಯಿ ತೆರೆದರೆ ಹಲ್ಲೆಲ್ಲ ಕೆಂಪು, ದನಿಯೇ ಇಲ್ಲ. ಶ್ರೀರಂಜನಿ ಗಾಬರಿಯಾಗಿ ಅವಳನ್ನು ನಲ್ಲಿಯ ಬಳಿಗೆ ಕಳಿಸಿದರು. ಮಧ್ಯಾಹ್ನಕ್ಕೆ ಬರೀ ಮೊಸರನ್ನ.

ಸಂಜೆ ಅತ್ತೆಯ ಮುಂದೆ ಅಳುತ್ತ ಎಲ್ಲವನ್ನೂ ಒಪ್ಪಿಕೊಂಡಳು. ಮುದುಕವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಸ್ತಾದ ಮೇಲೆ ಸೊಸೆಯ ಗಲ್ಲ ಹಿಡಿದು ಬಾಯೊಳಗೆ ಬೆಣ್ಣೆ ಇಟ್ಟಳು.

"ಸುಣ್ಣ ತಿಂದು ಬಾಯಿ ಸುಟ್ಕೊಂಡಿ, ಹುಚ್ಚಿ. ನನ್ನ ಬಣ್ಣ ಬೇಕಿದ್ರ ನನ್ನ ಬಾಯೇ ಐತಲ್ಲ. ಅಂಗಡಿಗೆ ಕರ್ಕೊಂಡು ನಡಿ."

ಭಾನುವಾರ ಇಬ್ಬರೂ ಮುನಿಯಕ್ಕನ ಬಳೆ ಅಂಗಡಿಗೆ ಹೋದರು. ಮುನಿಯಕ್ಕ ಎಲ್ಲರಿಗೂ ಮಾಡುವಂತೆ ಶಾಂಭವಿಯ ಮುಂಗೈ ಮೇಲೆ ಬಣ್ಣದ ಗೆರೆಗಳನ್ನು ಎಳೆದಳು. ಅಂಗಡಿಯ ದೀಪಕ್ಕೆ ಎಲ್ಲವೂ ಒಂದೇ ಥರ ಮಿಂಚಿದವು. ಮುದುಕವ್ವನಿಗೆ ತಾಳ್ಮೆ ಕೆಟ್ಟಿತು. ಸ್ಟೂಲನ್ನು ತಾನೇ ಎಳೆದುಕೊಂಡು ಹೋಗಿ ಅಂಗಡಿಯ ಹೊರಗೆ, ಬಿಸಿಲಿನಲ್ಲಿ, ಮುಖ ಮೇಲೆತ್ತಿ ಕೂತಳು. ಮುನಿಯಕ್ಕ ಒಂದೊಂದು ಬಣ್ಣಕ್ಕೂ ಹೊಸ ಹತ್ತಿ ಕಡ್ಡಿ ತೆಗೆದು ಆ ತುಟಿಗೆ ಒತ್ತುವುದು, ಶಾಂಭವಿ ನೋಡಿ ಇದಲ್ಲವೆಂದು ತಲೆಯಾಡಿಸುವುದು, ಒರೆಸುವುದು. ಬಹುಕಾಲದ ಎಲೆ ಅಡಿಕೆ ಇಳಿದ ತುಟಿ, ಒರೆಸಿದರೆ ಮಾಸುವಂಥದ್ದಲ್ಲ. ಹೋಗುವವರು ಬರುವವರು ನಿಂತು ನೋಡಿದರು, ಆಟೋ ಒಂದು ನಿಧಾನವಾಯಿತು. ಶಾಂಭವಿ ನಾಚಿ ನೀರಾದಳು. ಮುದುಕವ್ವ ಮಾತ್ರ ದೇವರು ಅಲಂಕಾರ ಮಾಡಿಸಿಕೊಂಡಷ್ಟು ಗತ್ತಿನಲ್ಲಿ ಕೂತೇ ಇದ್ದಳು.

ಕಿತ್ತಳೆ ಎದ್ದು ಕಂಡಿತು. ಕಂದು ಕೆಸರಿನಂತೆ ಕಂಡಿತು. ಆಮೇಲೆ ಯಾರೂ ಕೊಳ್ಳದೆ ಮೂಲೆಗೆ ಬಿದ್ದಿದ್ದ ಒಂದು ಲಿಪ್‌ಸ್ಟಿಕ್ಕನ್ನು ಮುನಿಯಕ್ಕ ತೆಗೆದು ಒತ್ತಿದಳು. ಒತ್ತಿದವಳೇ ಬಗ್ಗಿ ಹುಡುಕತೊಡಗಿದಳು.

"ಎಲ್ಲಿ ಹಚ್ದೆ ಅಂತ ನಂಗೇ ಕಾಣಿಸ್ತಿಲ್ಲ ಕಣಮ್ಮ."

ಶಾಂಭವಿ ಲಿಪ್‌ಸ್ಟಿಕ್ಕಿಗೆ ಕೈಚಾಚಿದಳು. ಅದನ್ನು ತನ್ನ ತುಟಿಗೆ ಸವರಿಕೊಂಡಳು. ಬಿಗಿಯಲಿಲ್ಲ, ತುಪ್ಪ ಸವರಿದ ಹಾಗೆ ಮೆತ್ತಗೆ ಕೂತಿತು. ಕನ್ನಡಿಯಲ್ಲಿ ರಾಣಿಯೂ ಇರಲಿಲ್ಲ, ಉಪವಾಸದವಳೂ ಇರಲಿಲ್ಲ. ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿರುವ ಶಾಂಭವಿ ಇದ್ದಳು.

ಸೋಮವಾರ ತಂಡ ಬಂತು. ರಿಸೆಪ್ಷನ್ ಹಾಲ್ ತುಂಬ ಜನ, ಅವರವರಲ್ಲೇ ಗುಸುಗುಸು. ಶಾಂಭವಿ ಎದ್ದು ನಿಂತು, ಒಮ್ಮೆ ಉಸಿರೆಳೆದು, ಬಾಯಿ ತೆರೆದಳು. ಆ ಬಾಯ್ತುಂಬ ದನಿ ಹಾಲಿನ ಕೊನೆಯ ಗೋಡೆಗೆ ಮುಟ್ಟಿತು. ಗುಸುಗುಸು ನಿಂತಿತು. ಇಂಗ್ಲಿಷಿನಲ್ಲಿ ಹೇಳಿದಳು, ಕನ್ನಡದಲ್ಲಿ ಹೇಳಿದಳು, ತೆಲುಗಿನವರು ಇಬ್ಬರು ಕಂಡರೆಂದು ತನ್ನೂರ ಕಡೆಯ ತೆಲುಗಿನಲ್ಲೂ ಹೇಳಿದಳು. ನಡುವೆ ಯಾರದೋ ತಮಾಷೆಗೆ ಹಲ್ಲು ಕಾಣುವಂತೆ ನಕ್ಕಳು. ಯಾರೂ ಮುಂದಕ್ಕೆ ಬಗ್ಗಲಿಲ್ಲ. ತಂಡ ಒಳಗೆ ಹೋದ ಮೇಲೆ ಚಹಾ ಕುಡಿಯುತ್ತಿದ್ದಾಗಲೇ ತಾನು ಬಣ್ಣ ಹಚ್ಚಿದ್ದು ನೆನಪಾದದ್ದು. ಶ್ರೀರಂಜನಿ ಬಂದು, ನಾಳೆಯಿಂದ ಆ ಕುರ್ಚಿ ನಿನ್ನದೇ ಎಂದರು. ಆಮೇಲೆ ಅವಳ ತುಟಿಯನ್ನೇ ನೋಡುತ್ತ, ಇದು ಯಾವ ಶೇಡ್ ಎಂದು ವಿಚಾರಿಸಿದರು. ನಮ್ಮತ್ತೆಯದು ಮೇಡಂ ಎಂದು ಶಾಂಭವಿ ಹೆಮ್ಮೆಯಿಂದ ಹೇಳಿದಳು.

ಸಂಜೆ ಮುದುಕವ್ವ ಗಲ್ಲಿಯ ತುದಿಯಲ್ಲೇ ಕಾಯುತ್ತಿದ್ದಳು. ಕುರ್ಚಿಯ ಸುದ್ದಿ ಅವಳು ಕೇಳಲಿಲ್ಲ.

"ಹಿಂದಿನವ್ರಿಗೆ ಕೇಳಿಸ್ತೇನ?"

ಶಾಂಭವಿ ಬಸ್ಸಿಳಿದ ಜಾಗದಿಂದಲೇ, ಇಡೀ ಗಲ್ಲಿ ತಿರುಗಿ ನೋಡುವಂತೆ, ಬಾಯ್ತುಂಬ ಕೂಗಿದಳು.

"ಕೇಳಿಸ್ತು ಅತ್ತಿ!"