ಐವತ್ತು ರೂಪಾಯಿ ಬೇಳೆ

ಶಿವಾಜಿನಗರದ ಶಕೀಲಾ ಅಂಗಡಿಗೆ ಹೋದರೆ ಕಿಲೋ ಲೆಕ್ಕದಲ್ಲಿ ಕೇಳುವವಳಲ್ಲ. "ಐವತ್ತು ರೂಪಾಯಿ ಬೇಳೆ ಕೊಡಿ, ನಲವತ್ತು ರೂಪಾಯಿ ಎಣ್ಣೆ ಕೊಡಿ" ಎನ್ನುವುದೇ ರೂಢಿ. ನಮ್ಮ ಗಲ್ಲಿಯ ಅರ್ಧಕ್ಕರ್ಧ ಮನೆಗಳ ಕಥೆಯೂ ಇದೇ ಬಿಡಿ. ಗಂಡ ಅಜ್ಮತ್ ಟೈಲರ್. ಮನೆಖರ್ಚಿಗೆ ವಾರಕ್ಕೆ ಎರಡು ಸಾವಿರ ಕೈಗಿಟ್ಟರೆ ಅವನ ಜವಾಬ್ದಾರಿ ಮುಗಿಯಿತು. ಮೂರು ವರ್ಷದಿಂದ ಅದೇ ಎರಡು ಸಾವಿರ.

ಮೊನ್ನೆ ರಸೆಲ್ ಮಾರುಕಟ್ಟೆಯಲ್ಲಿ ಶಕೀಲಾ ತಲೆ ಸುತ್ತಿ ಕುಸಿದು ಕುಳಿತಳು. ಆಸ್ಪತ್ರೆಯಲ್ಲಿ ರಕ್ತ ತುಂಬಾ ಕಡಿಮೆ ಇದೆ ಎಂದರು. ಮರುದಿನ ಆಶಾ ಕಾರ್ಯಕರ್ತೆ ಅಣ್ಣಮ್ಮ ಮನೆಗೇ ಬಂದರು.

"ಬೇಳೆ, ಮೊಟ್ಟೆ ತಿಂತಿದ್ದೀಯಾ ಶಕೀಲಾ?"

"ಮಕ್ಕಳಿಗೆ, ಇವರಿಗೆ ಹಾಕಿದ್ಮೇಲೆ ಉಳಿದ್ರೆ ತಿಂತೀನಿ ಅಕ್ಕಾ. ಈಗೀಗ ಉಳಿಯೋದೇ ಇಲ್ಲ."

ಅಲ್ಲೇ ಕುಳಿತಿದ್ದ ಅಜ್ಮತ್ ರೇಗಿದ. "ಅದ್ಹೆಂಗೆ ಉಳಿಯಲ್ಲ? ನಾನು ಕೊಡೋದು ಕಮ್ಮಿ ಆಗಿದ್ಯಾ? ನೀನೂ ಅದೇ ಐವತ್ತು ರೂಪಾಯಿ ಬೇಳೆನೇ ತರ್ತೀಯಾ! ಬೆಲೆ ಏರ್ತು, ಬೆಲೆ ಏರ್ತು ಅನ್ನೋದೆಲ್ಲ ಟೀವಿಯವರ ಗಲಾಟೆ ಅಕ್ಕಾ."

ಅಬ್ಬಾ, ಇವನ ಜಾಣತನವೇ! ಶಕೀಲಾ ಅವತ್ತು ತಂದಿದ್ದ ಐವತ್ತು ರೂಪಾಯಿ ಬೇಳೆ ಪೊಟ್ಟಣವನ್ನು ಅಣ್ಣಮ್ಮ ಅವನ ಕೈಗೆ ಕೊಟ್ಟರು. "ಎದುರಂಗಡಿಲಿ ತೂಗಿಸ್ಕೊಂಡು ಬನ್ನಿ ಭಾಯ್."

ಹೋದ, ಬಂದ. "ಮುನ್ನೂರೈವತ್ತು ಗ್ರಾಂ."

"ಮೊದ್ಲು ಅರ್ಧ ಕಿಲೋ ಬರ್ತಿತ್ತು" ಎಂದಳು ಶಕೀಲಾ.

"ಹಾಗಾದ್ರೆ ಅಂಗಡಿಯವನು ಮೋಸ ಮಾಡ್ತಿದ್ದಾನೆ!"

"ಮೋಸ ಅಲ್ಲ" ಎಂದರು ಅಣ್ಣಮ್ಮ. "ದುಡ್ಡು ಅಷ್ಟೇ ಇದೆ, ಅದಕ್ಕೆ ಬರೋ ಸಾಮಾನು ಕಮ್ಮಿಯಾಗಿದೆ. ಮೂರು ವರ್ಷದ ಹಿಂದೆ ಪ್ಯಾಂಟ್ ಹೊಲಿಯೋಕೆ ಎಷ್ಟು ತಗೋತಿದ್ರಿ ನೀವು?"

"ನಾನೂರು."

"ಈಗ?"

"ಐನೂರೈವತ್ತು. ದಾರ, ಕರೆಂಟು, ಬಾಡಿಗೆ ಎಲ್ಲಾ ಜಾಸ್ತಿ ಆಯ್ತಲ್ಲ ಅಕ್ಕಾ, ಹಳೇ ರೇಟಲ್ಲಿ ನಾವು ಹೆಂಗೆ..." ಎಂದವನು ಕೈಯಲ್ಲಿದ್ದ ಬೇಳೆ ಪೊಟ್ಟಣ ನೋಡಿದ.

"ಅಂಗಡಿ ರೇಟು ಏರಿಸಿದ್ರಿ, ಮನೆಗೆ ಕೊಡೋದು ಏರಿಸ್ಲಿಲ್ಲ. ಕಮ್ಮಿ ಬಿದ್ದಿದ್ದು ಇವಳ ತಟ್ಟೆಯಿಂದ ಹೋಯ್ತು."

ಅಜ್ಮತ್‌ಗೆ ತುಂಬಾ ನಾಚಿಕೆಯಾಯಿತು. "ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ದುಂದು ಮಾಡ್ತೀಯಾ ಅಂತ ಬೈತೀರಾ ಅಂದ್ಕೊಂಡು ಸುಮ್ನಿದ್ದೆ ರೀ."

ಆ ಭಾನುವಾರ ಇಬ್ಬರೂ ಕೂತು ಸಾಮಾನಿನ ಚೀಟಿ ಬರೆದರು. ಈ ಸಲ ಬೆಲೆಯ ಜೊತೆಗೆ ತೂಕವನ್ನೂ ಬರೆದರು. ಮನೆಖರ್ಚಿಗೆ ಅಜ್ಮತ್ ವಾರಕ್ಕೆ ಐನೂರು ಸೇರಿಸಿದ. ಇನ್ನೂ ಕಮ್ಮಿ ಬಿದ್ದದ್ದಕ್ಕೆ ಚಿಪ್ಸು, ಕೂಲ್ ಡ್ರಿಂಕ್ಸಿಗೆ ಕತ್ತರಿ ಬಿತ್ತು. ಬೇಳೆ ದುಬಾರಿಯಾದ ವಾರ ಹುರುಳಿ ತರೋಣ ಎಂದಳು ಶಕೀಲಾ. ಮೂರು ತಿಂಗಳಿಗೊಮ್ಮೆ ಮತ್ತೆ ಕೂರುವುದೆಂದೂ ಆಯಿತು. ಮಧ್ಯಾಹ್ನ ಊಟಕ್ಕೆ ಅಜ್ಮತ್ ತಾನೇ ಸೌಟು ಹಿಡಿದ.

"ಮೊದ್ಲು ನಿನ್ನ ತಟ್ಟೆ ಇಡು."

ಅಕ್ಕಂದಿರೇ, ಅಣ್ಣಂದಿರೇ, ನಾಳೆ ಅಂಗಡಿಗೆ ಹೋದಾಗ ಎಷ್ಟು ರೂಪಾಯಿ ಎನ್ನುವ ಜೊತೆಗೆ ಎಷ್ಟು ಗ್ರಾಂ ಎಂದೂ ಕೇಳಿ. ಬೆಲೆ ಏರಿದರೆ ಗಂಡ ಹೆಂಡತಿ ಕೂತು ಮಾತಾಡಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನಿದೆ ಎಂದು ಇವತ್ತೇ ನೋಡಿ.